ಅಣ್ಣನಿಗೆಂದು ಇಟ್ಟ ಸೀಸೆ

ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ ತಿಪಟೂರಿನ ಹಳೆಯ ಪರಿಚಯದವರೊಬ್ಬರು ಸಿಕ್ಕಿ, ನಾನು ಹಿಂದೆ ಇದ್ದ ಮನೆಯ ಹಿರಿಯ ಯಜಮಾನರು ಹೋಗಿಬಿಟ್ಟರು ಎಂದರು. ತುಂಬಿದ ವಯಸ್ಸು. ಬೆಳಿಗ್ಗೆ ಪೂಜೆ ಮುಗಿಸಿ ಕಂಬಕ್ಕೆ ಒರಗಿ ಕೂತವರು ಹಾಗೆಯೇ ಕೂತಿದ್ದರಂತೆ. ನಾನು ಅಯ್ಯೋ ಪಾಪ ಎಂದೆ. ಎನ್ನುವಾಗಲೇ, ಇನ್ನು ಅವರ ತಮ್ಮನ ವಿಷಯ ಬರೆಯಬಹುದು ಎಂದು ಮನಸ್ಸಿಗೆ ಬಂತು. ಸಾವಿನ ಸುದ್ದಿ ಕೇಳಿ ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಏನು ಮಾಡಲಿ, ಅಣ್ಣ ಬದುಕಿರುವವರೆಗೆ ತಮ್ಮನ ಬಗ್ಗೆ ನಿಜ ಹೇಳುವ ಹಾಗಿರಲಿಲ್ಲ. ತಮ್ಮ ಹೋಗಿ ಎಷ್ಟೋ ವರ್ಷವಾಗಿದೆ. ಅವರನ್ನು ನೆನೆಯುವವರು ಈಗ ನಾನೊಬ್ಬನೇ ಇರಬೇಕು.

ನಾನು ದನದ ಡಾಕ್ಟರು. ತುರ್ತು ಪರಿಸ್ಥಿತಿ ಮುಗಿದ ಹೊಸತರಲ್ಲಿ ನನ್ನನ್ನು ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಗೆ ಹಾಕಿದರು. ದನದ ಆಸ್ಪತ್ರೆಗೆ ಕಟ್ಟಡವಿತ್ತು, ಡಾಕ್ಟರಿಗೆ ಮನೆ ಇರಲಿಲ್ಲ. ಊರಿನ ದೊಡ್ಡ ತೊಟ್ಟಿ ಮನೆಯೊಂದನ್ನು ಅಣ್ಣ ತಮ್ಮ ಇಬ್ಬರು ಪಾಲು ಮಾಡಿಕೊಂಡಿದ್ದರು. ತಮ್ಮನ ಪಾಲಿನಲ್ಲಿ ಬೀದಿ ಕಡೆಯ ಎರಡು ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ನಡುವೆ ಗೋಡೆ ಎಬ್ಬಿಸಿದ್ದರು. ಆದರೆ ಗೋಡೆ ಅಟ್ಟದವರೆಗೆ ಮಾತ್ರ. ಅಟ್ಟ ಎರಡು ಮನೆಗೂ ಒಂದೇ. ಆ ಸೀಮೆಯಲ್ಲಿ ಮನೆ ಒಡೆದರೂ ಅಟ್ಟ ಒಡೆಯುವುದಕ್ಕೆ ಮನಸ್ಸು ಬರುವುದಿಲ್ಲ. ಕೆಡವಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಯಾರೂ ಮುಟ್ಟದೆ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡೂ ಸೇರಿ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಅದು ಕೊಬ್ಬರಿ. ಒಳ್ಳೆಯದಾಗಬೇಕಾದದ್ದೆಲ್ಲ ಅಟ್ಟದ ಮೇಲೆ, ಕೈ ಮುಟ್ಟಿಸದೆ, ತಾನೇ ಒಳ್ಳೆಯದಾಗುತ್ತದೆ ಎಂಬುದು ಆ ಜನರ ರಕ್ತದಲ್ಲೇ ಇತ್ತು. ನನ್ನ ತಲೆಯ ಮೇಲೆ ಇಲಿಗಳು ಕಾಯಿ ಉರುಳಿಸುವ ಸದ್ದಿಗೆ ಮೊದಮೊದಲು ಬೆಚ್ಚಿ ಏಳುತ್ತಿದ್ದೆ, ಆಮೇಲೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ತಮ್ಮನನ್ನು ಊರವರು ಬೆನ್ನ ಹಿಂದೆ ಪೀಪಾಯಪ್ಪ ಅನ್ನುತ್ತಿದ್ದರು. ಹೆಸರು ಕೇಳಿ ನಾನು ಡೊಳ್ಳು ಹೊಟ್ಟೆಯವರನ್ನು ಊಹಿಸಿಕೊಂಡಿದ್ದೆ. ನೋಡಿದರೆ ಕಡ್ಡಿಯಂಥ ಮನುಷ್ಯ. ಬಿಳಿ ಪಂಚೆ, ತುಂಬು ತೋಳಿನ ಬಿಳಿ ಅಂಗಿ, ಹಣೆಗೆ ವಿಭೂತಿ, ಒಪ್ಪವಾಗಿ ಕತ್ತರಿಸಿದ ಉಗುರು. ಅವರು ಆಯಸ್ಸಿನ ಮುಕ್ಕಾಲು ಪಾಲನ್ನು ಉತ್ತರದ ಕಡೆ, ಬೆಟ್ಟದ ತಪ್ಪಲಿನ ಒಂದು ಡಿಸ್ಟಿಲರಿಯಲ್ಲಿ ಕಳೆದಿದ್ದರು. ಕಬ್ಬಿನ ಕಾಕಂಬಿಯಿಂದ ಇಳಿಸಿದ ರಮ್ಮನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿಸಿಡುತ್ತಾರೆ. ಯಾವ ಪೀಪಾಯಿ ಹಣ್ಣಾಯಿತು, ಯಾವುದು ಇನ್ನೂ ಎಳಸು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಮೂಸಿ, ನಾಲಿಗೆಗೆ ತಾಗಿಸಿ ಹೇಳುವುದು ಅವರ ಕೆಲಸ. ಸೈನ್ಸ್ ಓದಿದವರು, ದೊಡ್ಡ ಸಂಬಳದವರು. ಆ ಕೆಲಸಕ್ಕೆ ನಮ್ಮ ಕಡೆ ಹೆಸರೇ ಇಲ್ಲ, ಹಾಗಾಗಿ ಊರವರು ಬಾಯಿಗೆ ಬಂದದ್ದನ್ನು ಇಟ್ಟುಕೊಂಡಿದ್ದರು.

ಅವರು ಎಲ್ಲವನ್ನೂ ಮೂಸುತ್ತಿದ್ದರು. ಪೇಪರನ್ನು ಓದುವ ಮೊದಲು ಮೂಸುತ್ತಿದ್ದರು, ಮಡಿಕೆಯಿಂದ ತೆಗೆದ ಟವಲನ್ನು ಮೂಸುತ್ತಿದ್ದರು, ಕಾಫಿ ಲೋಟವನ್ನು ಕಾಫಿ ಕುಡಿದಾದ ಮೇಲೆ ಮೂಸುತ್ತಿದ್ದರು. ಮೂಗಿಗೆ ದಣಿವಾದರೆ ತೋಳು ಮಡಿಸಿ ಮೊಣಕೈ ಒಳಭಾಗಕ್ಕೆ ಮೂಗಿಡುವರು. ತನ್ನ ಮೈಯ ವಾಸನೆ ಮೂಗಿಗೆ ವಾಸನೆಯೇ ಅಲ್ಲ, ಅಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಸುಧಾರಿಸಿಕೊಳ್ಳುತ್ತದೆ ಅನ್ನುವರು. ನಾನು ಬಾಡಿಗೆ ಮಾತಾಡಲು ಹೋದ ದಿನ ಬಾಗಿಲಲ್ಲೇ ನಿಲ್ಲಿಸಿ, "ಬೆಳಿಗ್ಗೆ ಎಮ್ಮೆ ಕರು ಹಾಕಿಸಿ ಬಂದ್ರಾ?" ಎಂದರು. ಹೌದೆಂದೆ. "ಫಿನಾಯಿಲಲ್ಲಿ ಕೈ ತೊಳೆದ್ರಿ. ಆಮೇಲೆ ಯಾರ ಮನೇಲೋ ಉಪ್ಪಿಟ್ಟು ತಿಂದ್ರಿ. ಒಗ್ಗರಣೆ ಸೀದಿತ್ತು, ಪಾಪ." ಬಾಡಿಗೆ ಮಾತು ಮರೆತೇ ಹೋಯಿತು. ಮನೆಯಲ್ಲಿರುವಷ್ಟು ಹೊತ್ತು ಫಿನಾಯಿಲ್ ಬೇಡ, ಸೀಗೆಪುಡಿಯಲ್ಲಿ ಕೈ ತೊಳೆಯಿರಿ ಎಂಬುದೊಂದೇ ಅವರು ನನಗೆ ಹಾಕಿದ ಷರತ್ತು.

ಸಂಜೆ ಸಾರಾಯಿ ಅಂಗಡಿ ಕಡೆ ಹೊರಟವರು ಕೆಲವರು ಇವರ ಜಗುಲಿ ಮುಂದೆ ಸುಮ್ಮನೆ ಸುಳಿದಾಡುತ್ತಿದ್ದರು. ಒಳಗೆ ಪೀಪಾಯಿಗಳೇ ಇವೆ ಎಂದು ನಂಬಿದ್ದರು ಅವರು. ಒಬ್ಬ ಧೈರ್ಯ ಮಾಡಿ, "ಬುದ್ಧಿ, ಒಂದು ತೊಟ್ಟು" ಎಂದು ಕೈ ಒಡ್ಡಿದ.

"ನಾನು ಕುಡಿಯೋನಲ್ಲ ಕಣಪ್ಪ, ಉಗುಳೋನು," ಎಂದರು ಇವರು.

ಅವನಿಗೆ ಅರ್ಥವಾಗಲಿಲ್ಲ. ಆದರೆ ಅದು ನಿಜ. ಬೆಳಿಗ್ಗೆ ಊಟಕ್ಕೆ ಮುಂಚೆ, ನಾಲಿಗೆ ಚೊಕ್ಕಟವಿರುವಾಗ ರುಚಿ ನೋಡುವುದು, ಬಾಯಿ ತುಂಬ ಆಡಿಸಿ ಉಗುಳುವುದು, ನೀರು ಮುಕ್ಕಳಿಸುವುದು, ಮತ್ತೆ ಮುಂದಿನದು. ನುಂಗಿದರೆ ನಾಲ್ಕನೆಯ ಲೋಟಕ್ಕೆ ಮೂಗು ಸುಳ್ಳು ಹೇಳಲು ಶುರು ಮಾಡುತ್ತದೆ. ಅವರು ಅಮಲಿನಲ್ಲಿದ್ದದ್ದನ್ನು ಯಾರೂ ಕಂಡಿಲ್ಲ. ಆದರೂ ಆ ಊರಿನಲ್ಲಿ, ಆ ಮನೆತನದಲ್ಲಿ, ಅವರು ಹೆಂಡದವರು.

ಅಪ್ಪನಿಗೆ ಮೊದಲು ಸಕ್ಕರೆ ಕಾರ್ಖಾನೆ ಎಂದು ಹೇಳಿದ್ದರಂತೆ. ನಿಜ ತಿಳಿದ ದಿನ ಅಪ್ಪ, ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಹೆಂಡ ಕಾಯುತ್ತಾನಾ ಎಂದು ಒಂದೇ ಮಾತು ಆಡಿ, ಮತ್ತೆ ಆ ಮಗನ ಹೆಸರೆತ್ತಲಿಲ್ಲ. ಹೆಣ್ಣು ಕೊಡುವವರೂ ಹಿಂದೆ ಸರಿದರು. ಅಪ್ಪ ಸಾಯುವಾಗ, ಅವನಿಗೆ ತಿಳಿಸಬೇಡಿ ಎಂದು ಅಣ್ಣನಿಂದ ಮಾತು ತೆಗೆದುಕೊಂಡಿದ್ದರು. ಇವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಶಿವಗಣಾರಾಧನೆಯೂ ಮುಗಿದಿತ್ತು. ತಿಳಿಸದಿದ್ದವರು ಅಣ್ಣನೇ, ಆದರೆ ಅಪ್ಪನ ಮಣ್ಣಿಗೆ ಬರಲಿಲ್ಲ ಎಂಬ ನೋವೂ ಅಣ್ಣನಿಗೇ. ಮನುಷ್ಯರ ಲೆಕ್ಕ ಹೀಗೇ ಇರುತ್ತದೆ.

ಅಣ್ಣ ಕೆಟ್ಟವರೆಂದು ಯಾರೂ ತಿಳಿಯಬಾರದು. ತಮ್ಮ ರಿಟೈರಾಗಿ ಬಂದಾಗ ಮನೆ, ತೋಟ ಎರಡರಲ್ಲೂ ಒಂದು ಮರ ಹೆಚ್ಚುಕಮ್ಮಿಯಾಗದಂತೆ ಪಾಲು ಕೊಟ್ಟರು. ಮಧ್ಯಾಹ್ನ ಅವರ ಸೊಸೆ ತಟ್ಟೆ ತುಂಬ ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದು ಈ ಕಡೆ ಇಟ್ಟು ಹೋಗುವರು. ಸಂಜೆ ಇಬ್ಬರೂ ಒಂದೇ ಜಗುಲಿಯಲ್ಲಿ ಕೂತು ಮಳೆ, ಕೊಬ್ಬರಿ, ಎತ್ತಿನ ಕಾಲು ಎಲ್ಲ ಮಾತಾಡುವರು. ಒಂದು ವಿಷಯ ಮಾತ್ರ ಇಲ್ಲ. ತಮ್ಮ ಅಲ್ಲಿ ಕಳೆದ ಅಷ್ಟೂ ವರ್ಷಕ್ಕೆ ಅಣ್ಣ "ನೀನು ಆಕಡೆ ಇದ್ದಾಗ" ಎಂದು ಮೂರು ಪದ ಹೇಳಿ ದಾಟಿಬಿಡುವರು. ಆ ಮೂರು ಪದದೊಳಗೆ ಇವರ ಯೌವನ, ವಿದ್ಯೆ, ಹೆಸರು ಎಲ್ಲ ಮುಚ್ಚಿಹೋಗಿತ್ತು.

ಇದರಲ್ಲಿ ಒಂದು ವಿಚಿತ್ರವಿತ್ತು. ಮೂಗಿನ ವಿಷಯದಲ್ಲಿ ಅಣ್ಣ ತಮ್ಮನಿಗಿಂತ ಒಂದು ಕೈ ಮೇಲು. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಿನ ದಿನ ಅವರು ಚೀಲದ ಬಾಯಿ ಬಿಡಿಸಿ ಕೊಬ್ಬರಿಯೊಂದನ್ನು ಮೂಗಿನ ಹತ್ತಿರ ತಂದರೆ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರು. "ಇದು ಸಂಪಿಗೆ ಊರ ಕಡೇದು. ಅಟ್ಟದ ಕೆಳಗೆ ಒಲೆ ಉರಿದಿಲ್ಲ, ಮನೇಲಿ ಯಾರೂ ಇರಲಿಲ್ಲ ಅಂತ ಕಾಣ್ತದೆ," ಅನ್ನುವರು. ವಿಚಾರಿಸಿದರೆ ಹಾಗೆಯೇ ಇರುತ್ತಿತ್ತು. ನಾನೇ ಒಂದು ಸಲ ಜೊತೆಗೆ ನಿಂತು ನೋಡಿದ್ದೇನೆ.

ತಮ್ಮ ಇದನ್ನು ಹೆಮ್ಮೆಯಿಂದ ಹೇಳುವರು. "ನನ್ನ ಮೂಗು ಅಣ್ಣನ ಮೂಗಿನ ಅರ್ಧ ಡಾಕ್ಟ್ರೇ. ಅವರು ನಮ್ಮ ಕಡೆ ಬಂದಿದ್ರೆ ನಮಗೆಲ್ಲ ಕೆಲಸ ಇರ್ತಿರಲಿಲ್ಲ." ಒಮ್ಮೆ ಗೋಡೆಯಾಚೆ ಕೈ ತೋರಿಸಿ, "ಆ ಮೂಗು ಒಂದೇ ಒಂದು ಸಲ ಬಗ್ಗಬೇಕು. ಕುಡಿಯೋದು ಬೇಡ, ಮೂಸಿದ್ರೆ ಸಾಕು. ನಾನು ಅಲ್ಲಿ ಏನು ಮಾಡ್ತಿದ್ದೆ ಅಂತ ಬೇರೆ ಯಾರಿಗೂ ತಿಳಿಯೋದು ಬೇಡ. ಅವರಿಗೆ ತಿಳಿದ್ರೆ ಆಯ್ತು," ಎಂದರು. ಅವರಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಇದೊಂದೇ. ಅದಕ್ಕಾಗಿಯೇ ಅವರು ಒಂದು ಸೀಸೆ ಉಳಿಸಿಟ್ಟಿದ್ದರು.

ಬರುವಾಗ ತಂದದ್ದು ಎರಡು ಸೀಸೆ, ಎರಡೂ ಒಂದೇ ಪೀಪಾಯಿಯವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವೇ ನಿಂತು ತುಂಬಿಸಿದ ಪೀಪಾಯಿ ಅದು, ಹೊರಡುವ ವರ್ಷ ತಾವೇ ಬಿಚ್ಚಿದ್ದು. ಅಷ್ಟು ವರ್ಷ ಇಟ್ಟ ರಮ್ಮು ಅಂಗಡಿಗೆ ಬರುವುದೇ ಇಲ್ಲ, ಮರದ ಒಳಗೇ ಮುಕ್ಕಾಲು ಆರಿಹೋಗುತ್ತದೆ, ಉಳಿದದ್ದನ್ನು ದೊಡ್ಡವರು ತಮ್ಮೊಳಗೆ ಹಂಚಿಕೊಳ್ಳುತ್ತಾರೆ ಎಂದರು. ಚಿಕ್ಕ ಸೀಸೆಯದನ್ನು ಹಬ್ಬ ಹರಿದಿನಕ್ಕೆ ಒಂದೊಂದು ಚಮಚ ತಾವು ರುಚಿ ನೋಡುತ್ತಿದ್ದರು. ದೊಡ್ಡದು, ಸೀಸೆಗಿಳಿದ ಮೇಲೆ ಗಾಳಿ ತಾಗಿದರೆ ಕೆಡುತ್ತದೆಂದು ಬಿರಡೆಯ ಮೇಲೆ ಅರಗು ಹಾಕಿದ ಹಾಗೆಯೇ ಬೀರುವಿನಲ್ಲಿ, ಬೆಳಕು ಬೀಳದಂತೆ ಹಳೆಯ ಉಣ್ಣೆಯ ಶಾಲಿನಲ್ಲಿ ಸುತ್ತಿ ಮಲಗಿತ್ತು. ಅದು ಅಣ್ಣನಿಗೆ.

ಚಿಕ್ಕ ಸೀಸೆಯ ಕೊನೆಯ ಗುಟುಕು ನನ್ನ ಪಾಲಿಗೆ ಬಂತು. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಿಂದಿನ ದಿನವೇ ಈರುಳ್ಳಿ ತಿನ್ನಬೇಡಿ, ತಲೆಗೆ ಎಣ್ಣೆ ಹಚ್ಚಬೇಡಿ ಎಂದು ಅಪ್ಪಣೆಯಾಗಿತ್ತು. ಹಿತ್ತಲ ಬಾವಿಕಟ್ಟೆಯ ಮೇಲೆ ಬಿಳಿ ಪಂಚೆಯೊಂದನ್ನು ಹಾಸಿ, ಅಲ್ಲಿಂದ ತಂದಿದ್ದ ಎರಡು ಗಾಜಿನ ಲೋಟ ಇಟ್ಟರು. ಹೊಟ್ಟೆ ದುಂಡಗೆ, ಬಾಯಿ ಕಿರಿದು. ಎರಡಕ್ಕೂ ಎರಡೆರಡು ಚಮಚದಷ್ಟು ಬಗ್ಗಿಸಿದರು. ನಾನು ಮದುವೆ ಪಾರ್ಟಿಗಳಲ್ಲಿ ಸೋಡಾ ಬೆರೆಸಿ ಕುಡಿದು ಕಂಡವನು, ಕೈ ಚಾಚಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಮೊದಲು ನೋಡಿ."

ಪಂಚೆಯ ಬಿಳುಪಿನ ಮುಂದೆ ಹಿಡಿದರು. ಕಪ್ಪಲ್ಲ, ಕೆಂಪಲ್ಲ, ಹಳೆಯ ಜೇನಿನ ಬಣ್ಣ. ಅಂಚಿನಲ್ಲಿ ಮಾತ್ರ ಒಂದು ಎಳೆ ಹಸಿರು ಛಾಯೆ. ವಯಸ್ಸಾದದ್ದಕ್ಕೆ ಮಾತ್ರ ಅದು ಬರುತ್ತದೆ, ಸುಟ್ಟ ಸಕ್ಕರೆ ಹಾಕಿ ಬಣ್ಣ ತರಿಸಬಹುದು, ಆ ಅಂಚನ್ನು ತರಿಸಲಾಗದು ಎಂದರು. ಲೋಟವನ್ನು ಒಂದು ಸುತ್ತು ತಿರುಗಿಸಿ ಬಿಟ್ಟರು. ಗಾಜಿನ ಮೇಲೆ ಹತ್ತಿದ್ದು ಹರಳೆಣ್ಣೆಯ ಹಾಗೆ ನಿಧಾನವಾಗಿ ಇಳಿಯಿತು.

"ಈಗ ಮೂಸಿ. ಬಾಯಿ ಸ್ವಲ್ಪ ತೆರೆದಿರಲಿ. ಮೊದಲನೇ ಸಲ ಬರೀ ಖಾರ ಹೊಡೀತದೆ, ಅದನ್ನ ಲೆಕ್ಕಕ್ಕೆ ಇಡಬೇಡಿ. ಅವಸರ ಮಾಡಬೇಡಿ, ಅದಕ್ಕೆ ನಮ್ಮ ಪರಿಚಯ ಆಗಬೇಕು."

ಮೊದಲ ಸಲ ಖಾರವೇ ಹೊಡೆಯಿತು. ಎರಡನೆಯ ಸಲ ಬಾಳೆಹಣ್ಣು. ಆಮೇಲೆ ಆಲೆಮನೆ, ಬೆಲ್ಲದ ಕೊಪ್ಪರಿಗೆ ಇಳಿಸಿದಾಗ ಏಳುವ ಬಿಸಿ ಆವಿ. ಅದರ ಹಿಂದೆ ಶುಂಠಿ, ಜಾಕಾಯಿ, ಅಜ್ಜಿಯ ಮರದ ಪೆಟ್ಟಿಗೆ. ನಾನು ಒಂದೊಂದಾಗಿ ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. "ಇನ್ನೂ ಒಂದಿದೆ. ಹುಡುಕಿ," ಎಂದರು. ನನಗೆ ಸಿಗಲಿಲ್ಲ. "ತಲೆ ಎತ್ತಿ ನೋಡಿ," ಎಂದರು. ಎತ್ತಿದೆ. ಸೂರಿನ ಕೆಳಗೆ ಅಟ್ಟದ ಕಿಂಡಿ ಕಾಣುತ್ತಿತ್ತು. ಕೂಡಲೇ ಸಿಕ್ಕಿತು. ಕೊಬ್ಬರಿ. ಹೊಸದಾಗಿ ಒಡೆದ, ಎಣ್ಣೆ ತುಂಬಿದ, ಸ್ವಲ್ಪವೇ ಹೊಗೆ ಸೋಕಿದ ಉಂಡೆ ಕೊಬ್ಬರಿ.

"ಆ ಓಕ್ ಮರದ ಗುಣ ಅದು," ಎಂದರು. "ಚೆನ್ನಾಗಿ ವಯಸ್ಸಾದ್ರೆ ಮಾತ್ರ ಬಿಡ್ತದೆ. ಅಲ್ಲಿನವರಿಗೆ ಅದು ಒಂದು ಗುಣ ಅಷ್ಟೇ. ನಂಗೆ ಮೊದಲ ಸಲ ಸಿಕ್ಕಿದ ದಿನ, ಆ ಚಳೀಲಿ, ಆ ಕತ್ತಲೆ ಗೋದಾಮಲ್ಲಿ, ನಮ್ಮನೆ ಅಟ್ಟದ ಕೆಳಗೆ ನಿಂತ ಹಂಗಾಯ್ತು. ಬಿಟ್ಟು ಬರೋಣ ಅಂತ ಅಂದ್ಕೊಂಡಿದ್ದೆ ಆ ವರ್ಷ. ಬರಲಿಲ್ಲ. ಅಣ್ಣ ಇದನ್ನ ಒಂದೇ ಸಲಕ್ಕೆ ಹಿಡಿದುಬಿಡ್ತಾರೆ. ಹಿಡಿದ್ರೆ ಅವರಿಗೆ ಗೊತ್ತಾಗ್ತದೆ ಡಾಕ್ಟ್ರೇ, ನಾನು ಎಲ್ಲೂ ಹೋಗಿರಲಿಲ್ಲ ಅಂತ."

ಆಮೇಲೆ ನಾಲಿಗೆಗೆ ಬಿಟ್ಟುಕೊಂಡೆವು. ಅದರ ರುಚಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಗಂಟಲು ಸುಡಲಿಲ್ಲ. ನುಂಗಿ ಬಹಳ ಹೊತ್ತಾದ ಮೇಲೂ ಬಾಯಲ್ಲಿ ಒಂದು ಬೆಚ್ಚಗಿನ ಸಿಹಿ ಬರುತ್ತಲೇ ಇತ್ತು. ಅಂದು ಅವರೂ ಉಗುಳಲಿಲ್ಲ. ಅಂಥದ್ದನ್ನು ಅದಾದ ಮೇಲೆ ನಾನು ಎಲ್ಲೂ ಕಂಡಿಲ್ಲ.

ಅದೇ ಬೇಸಿಗೆಯ ಒಂದು ಸಂಜೆ ಜಗುಲಿಯಲ್ಲಿ ನಾವು ಮೂವರೂ ಇದ್ದೆವು. ಅಟ್ಟಕ್ಕೆ ಹೊಸ ಕಾಯಿ ಏರಿಸಿ ಅಣ್ಣ ಸುಧಾರಿಸಿಕೊಳ್ಳುತ್ತಿದ್ದರು. ತಮ್ಮ ಇದ್ದಕ್ಕಿದ್ದಂತೆ, "ಅಣ್ಣ, ನಾನು ಆಕಡೆ ಮಾಡ್ತಿದ್ದುದೂ ಇದೇ ಕಣಣ್ಣ," ಎಂದರು. ನಾನು ಅಣ್ಣನ ಮುಖ ನೋಡಿದೆ. ಅವರು ನಿಲ್ಲಿಸಲಿಲ್ಲ. "ಅಟ್ಟದ ಬದಲು ಮರದ ಪೀಪಾಯಿ. ಇಟ್ಟು ಬುಟ್ಬುಡೋದು. ಮುಟ್ಟಂಗಿಲ್ಲ. ಮರ ಉಸಿರಾಡ್ತದೆ. ಗಾಳಿ ಆಡದಿದ್ರೆ ಅದು ಹಣ್ಣಾಗಲ್ಲ. ವರ್ಷಕ್ಕೊಂದಿಷ್ಟು ಇಂಗಿ ಗಾಳಿಗೆ ಹೋಗ್ತದೆ, ನಮ್ಮ ಕಾಯಲ್ಲಿ ನೀರು ಹೋಗಲ್ವಾ, ಹಂಗೆ. ಉಳಿದದ್ದು ಗಟ್ಟಿ. ಅದನ್ನ ಊಟಕ್ಕೆ ಮುಂಚೆ, ಎಲೆ ಅಡಿಕೆ ಹಾಕದ ಬಾಯಲ್ಲಿ ನೋಡಬೇಕು."

ಅಣ್ಣ ಬೀದಿ ನೋಡುತ್ತ ಕೂತಿದ್ದರು. ಮಾತು ಮುಗಿದ ಮೇಲೆ ಟವಲು ಕೊಡವಿ, "ದನಕ್ಕೆ ಹುಲ್ಲು ಹಾಕ್ಬೇಕು," ಎಂದು ಎದ್ದು ಹೋದರು.

ಮಾರನೆಯ ದಿನ ತಮ್ಮನ ಮುಖ ಅರಳಿತ್ತು. "ನೋಡಿದ್ರಾ, ಮಧ್ಯದಲ್ಲಿ ಏಳಲಿಲ್ಲ. ಪೂರ್ತಿ ಕೇಳಿದ್ರು," ಎಂದರು.

ಆ ಮಳೆಗಾಲ ಅವರಿಗೆ ಹೊಟ್ಟೆಯಲ್ಲಿ ಹುಣ್ಣು ಎಂದಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಂಡು, ಅಲ್ಲೇ ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದರು. ನನ್ನನ್ನೂ ಕೆಂಕೆರೆ ಕಡೆ ಕುರಿಗಳಿಗೆ ರೋಗ ಬಂದಿದೆ ಎಂದು ಡೆಪ್ಯುಟೇಷನ್ ಮೇಲೆ ಕಳಿಸಿದ್ದರು. ಅಣ್ಣ ಆಗ ಎರಡೂ ಮನೆಯ ಒಡೆದ ಹೆಂಚು ಬದಲಿಸಿ ಕೈಯಾಡಿಸಿದರು. ತಮ್ಮನ ಕೋಣೆಯನ್ನೂ ಖಾಲಿ ಮಾಡಿ, ಸುಣ್ಣ ಬಳಿಸಿ, ಸಾಮಾನನ್ನೆಲ್ಲ ಇದ್ದಲ್ಲಿಯೇ ಜೋಡಿಸಿಟ್ಟರು. ತಮ್ಮ ಬಂದು ಬೀರು ತೆಗೆದರೆ ಉಣ್ಣೆಯ ಶಾಲು ಮಡಿಸಿ ಇಟ್ಟಿತ್ತು. ಸೀಸೆ ಇರಲಿಲ್ಲ.

ಅವರು ಯಾರನ್ನೂ ಕೇಳಲಿಲ್ಲ. ನಾನು ಕೇಳಲೇ ಎಂದರೆ ಬೇಡವೆಂದರು. "ತಿಪ್ಪೆಗೆ ಸುರಿದಿರ್ತಾರೆ. ಅಪ್ಪ ಇದ್ದಿದ್ರೂ ಅದನ್ನೇ ಮಾಡ್ತಿದ್ರು. ತಪ್ಪೇನಿಲ್ಲ ಬಿಡಿ." ಆಮೇಲೆ ಅವರು ಪೇಪರು ಮೂಸುವುದನ್ನು ಬಿಟ್ಟರು. ಮೊಣಕೈಗೆ ಮೂಗಿಡುವುದು ನಿಂತಿತು. ನಾನು ಒಂದು ದಿನ ಬೇಕೆಂದೇ ಫಿನಾಯಿಲ್ ಕೈಯಲ್ಲಿ ಅವರ ಪಕ್ಕ ಹೋಗಿ ಕೂತೆ. ಏನೂ ಅನ್ನಲಿಲ್ಲ. ಬೈದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಸಂಜೆ ಜಗುಲಿಯಲ್ಲಿ ಮಾತ್ರ ಇಬ್ಬರೂ ಎಂದಿನಂತೆ ಮಳೆ, ಕೊಬ್ಬರಿ, ಎತ್ತಿನ ಕಾಲು ಮಾತಾಡುತ್ತಿದ್ದರು.

ಹೀಗೆ ಎರಡು ಬೇಸಿಗೆ ಕಳೆಯಿತು. ಅಟ್ಟದಿಂದ ಕಾಯಿ ಇಳಿಸುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ, ನಾನು ಹಿತ್ತಲಲ್ಲಿ ಬೂಟಿನ ಸಗಣಿ ಕೆರೆಯುತ್ತಿದ್ದೆ. ತಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದರು. ಅಣ್ಣ ಗೋಡೆಯಾಚೆಯ ಬಾಗಿಲಿಂದ ಬಂದರು. ಸ್ನಾನ ಮಾಡಿ ವಿಭೂತಿ ಹಚ್ಚಿದ್ದರು. ಸದಾ ಕೆಂಪಾಗಿರುತ್ತಿದ್ದ ತುಟಿ ಅಂದು ಬಿಳಿಚಿತ್ತು. ಎಲೆ ಅಡಿಕೆ ಹಾಕಿರಲಿಲ್ಲ. ಟವಲಿನಲ್ಲಿ ಏನನ್ನೋ ಸುತ್ತಿ ಎದೆಗೆ ಅವುಚಿಕೊಂಡಿದ್ದರು.

"ಊಟಕ್ಕೆ ಮುಂಚೆ ಅಲ್ವೇನ್ಲಾ ನೀವು ನೋಡಾದು?" ಎಂದರು.

ತಮ್ಮ ಎದ್ದು ನಿಂತರು. ಅಣ್ಣ ಕಟ್ಟೆಯ ಮೇಲೆ ಟವಲು ಬಿಡಿಸಿದರು. ಮಸಿ ಹಿಡಿದ ಸೀಸೆ.

"ಹೆಂಚು ಕೈಯಾಡಿಸುವಾಗ ಸಿಕ್ತು. ಎಸೆದುಬುಡಾನ ಅಂತ ತಿಪ್ಪೆ ತನಕ ಹೋಗಿದ್ದೆ. ನೀನು ಅವತ್ತು ಹೇಳಿದ್ದು ಗ್ಯಾಪಕ ಬಂತು. ಬೀರು ಒಳಗೆ ಬಟ್ಟೆ ಸುತ್ತಿ ಇಟ್ರೆ ಅದೇನು ಹಣ್ಣಾಯ್ತದೆ? ಅಟ್ಟದ ಮೇಲೆ, ನಡುಮಧ್ಯ, ಒಲೆ ನೆತ್ತಿಗೇ ಸರಿಯಾಗಿ ಇಟ್ಟೆ. ಬಿರಡೆ ಬಿಗಿಯಾಗಿ ಕೂತಿತ್ತು, ಮೇಲೆ ಅರಗು ಬೇರೆ. ಹಂಗಾದ್ರೆ ಉಸಿರಾಡಾದು ಹೆಂಗೆ? ನಾನೇ ಕಿತ್ತು ತೆಳ್ಳನೆ ಬಟ್ಟೆ ಕಟ್ಟಿದೆ. ಎರಡು ಬೇಸ್ಗೆ ಕಂಡೈತೆ ಈಗ. ನೋಡು, ಹೆಂಗೆ ಇಂಗೈತೆ. ನೀರೆಲ್ಲ ಹೋಗಿ ಗಟ್ಟಿ ಉಳ್ಕಂಡೈತೆ."

ಸೀಸೆಯೊಳಗೆ ತಳದಲ್ಲಿ ಕಾಲು ಭಾಗ ಉಳಿದಿತ್ತು. ಕಪ್ಪಗೆ, ಮೇಲೆ ಒಂದು ಪೊರೆ. ಅಣ್ಣನ ಮುಖದಲ್ಲಿ ಒಳ್ಳೆಯ ಕೊಬ್ಬರಿ ಇಳಿಸಿದ ದಿನದ ಹೆಮ್ಮೆಯಿತ್ತು. ತಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಶಿವನಿಗೆ ಹೇಳ್ಕಂಡು ಬಂದಿವ್ನಿ," ಎಂದರು ಅಣ್ಣ. "ಬಾಯಿಗೆ ಹಾಕಲ್ಲ. ಮೂಸ್ತೀನಿ ಅಷ್ಟೇಯ. ತೋರ್ಸು, ಅದೇನು ಮಾಡ್ತಿದ್ದೆ ಆಕಡೆ."

ತಮ್ಮ ಒಳಗೆ ಹೋಗಿ ಆ ಗಾಜಿನ ಲೋಟ ತಂದರು. ಬಟ್ಟೆ ಬಿಚ್ಚಿ ಬಗ್ಗಿಸಿದರು. ಲೋಟ ತಿರುಗಿಸಿದರು, ಗಾಜಿಗೆ ಏನೂ ಹತ್ತಲಿಲ್ಲ, ನೀರಿನ ಹಾಗೆ ಜಾರಿತು. ಪಂಚೆಯ ಮುಂದೆ ಹಿಡಿಯಲಿಲ್ಲ. ಬಾಯಿ ಸ್ವಲ್ಪ ತೆರೆದಿರಲಿ ಎಂದು ಹೇಳಲೂ ಇಲ್ಲ. ಸುಮ್ಮನೆ ಅಣ್ಣನ ಕೈಗೆ ಕೊಟ್ಟರು.

ಅಣ್ಣ ಕಣ್ಣು ಮುಚ್ಚಿ ಬಗ್ಗಿದರು. ಮಾರುಕಟ್ಟೆಯಲ್ಲಿ ನೂರಾರು ಜನರ ಮಾತು ನಿಲ್ಲಿಸುತ್ತಿದ್ದ ಆ ಮೂಗು, ತಮ್ಮ ಅಷ್ಟು ವರ್ಷ ಕಾದಿದ್ದ ಆ ಮೂಗು, ಲೋಟದ ಮೇಲೆ ಬಹಳ ಹೊತ್ತು ಇತ್ತು. ಒಂದು ಸಲ ಮೂಸಿ, ಬಿಟ್ಟು, ಮತ್ತೆ ಮೂಸಿದರು. ಶ್ರದ್ಧೆಯಿಂದಲೇ ಮೂಸಿದರು.

"ಕೊಬ್ಬರಿ ವಾಸ್ನೆ ಐತೆ," ಎಂದರು. "ನಮ್ಮ ಅಟ್ಟದ್ದು."

ತಮ್ಮ ಕಣ್ಣೆತ್ತಿದರು. ಆ ಒಂದು ಕ್ಷಣ ಅವರ ಮುಖ ಹೇಗಿತ್ತೆಂದು ನನಗೆ ಈಗಲೂ ಮರೆಯಲಾಗುತ್ತಿಲ್ಲ.

"ಅಟ್ಟದಾಗಿತ್ತಲ್ಲ, ಅಂಟ್ಕಂಡೈತೆ," ಎಂದರು ಅಣ್ಣ. "ಅದು ಬುಟ್ರೆ ಹೊಗೆ. ಅದೂ ನಮ್ಮ ಒಲೇದೇಯ. ಇದ್ರಲ್ಲಿ ನಿಂದೇನಿತ್ಲಾ?"

ಸಿಟ್ಟಿನಲ್ಲಿ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ನಾನು ಬಾಯಿ ತೆರೆದೆ. ತಮ್ಮ ನನ್ನನ್ನು ನೋಡಿದರು, ಮತ್ತೆ ಮುಚ್ಚಿದೆ. ಅವರು ಲೋಟ ತೆಗೆದುಕೊಂಡು ತಾವೂ ಮೂಸಿದರು, ನಾಲಿಗೆಗೆ ಒಂದು ಹನಿ ತಾಗಿಸಿದರು.

"ಇಷ್ಟೇ ಕಣಣ್ಣ," ಎಂದರು.

"ಇದಕ್ಕಾ ಅಷ್ಟು ವರ್ಷ ಅಲ್ಲಿದ್ದೆ?"

"ಹೂಂ ಕಣಣ್ಣ. ಇದಕ್ಕೇ."

ಅಣ್ಣ ತಮ್ಮನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬುಡು. ಆದದ್ದು ಆಯ್ತು," ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದಿನಿಂದ "ಆಕಡೆ ಇದ್ದಾಗ" ಎನ್ನುವುದನ್ನೂ ಬಿಟ್ಟರು. ತಮ್ಮನನ್ನು ಪೂರ್ತಿ ಕ್ಷಮಿಸಿದ್ದರು, ಕ್ಷಮಿಸುವಂಥದ್ದು ಏನೂ ಇಲ್ಲದಿದ್ದರೂ.

ನಾನು ತಡೆಯಲಾರದೆ ಸಂಜೆ ಕೇಳಿದೆ, ಯಾಕೆ ಹೇಳಲಿಲ್ಲ, ಅದು ಹಾಳಾಗಿದೆ ಎಂದು.

"ಎರಡು ಬೇಸಿಗೆ ಕಾಪಾಡಿದ್ದಾರೆ ಡಾಕ್ಟ್ರೇ. ನಾನು ಹೇಳಿದ ಒಂದೊಂದು ಮಾತೂ ನೆನಪಿಟ್ಕೊಂಡು. ನನ್ನ ಮಾತೇ ಅದನ್ನ ಹಾಳು ಮಾಡಿದ್ದು. ಈಗ ಆ ತಪ್ಪನ್ನ ಅವರ ಕೈಗೆ ಯಾಕೆ ಹಚ್ಚಲಿ?" ಎಂದರು. ಅದಾದ ಮೇಲೆ ಆ ವಿಷಯ ಎತ್ತಲಿಲ್ಲ. ಕೆಲಸದವಳು ಹರಳೆಣ್ಣೆ ಹಾಕಿಕೊಳ್ಳಲು ಗಾಜಿನ ಲೋಟ ಕೇಳಿದಳು, ಎರಡನ್ನೂ ಕೊಟ್ಟುಬಿಟ್ಟರು.

ಹೊಟ್ಟೆಯ ಹುಣ್ಣು ಮತ್ತೆ ಮರುಕಳಿಸಿತು. ಈ ಸಲ ಬೆಂಗಳೂರಿಗೆ ಹೋಗಲು ಅವರೇ ಒಪ್ಪಲಿಲ್ಲ. ಕಾರ್ತಿಕ ಮಾಸದಲ್ಲಿ ಹೋದರು. ತೋಟದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದರು. ಅದು ಅಣ್ಣನ ತೀರ್ಮಾನ. ಮೊದಲ ಹಿಡಿ ಮಣ್ಣು ಹಾಕಿದವರೂ ಅವರೇ.

ಜನ ಕೈಕಾಲು ತೊಳೆದು ಊರ ಕಡೆ ಹೊರಟರು. ಅಣ್ಣ ಒಂದು ತೆಂಗಿನ ಬುಡದಲ್ಲಿ ಕೂತೇ ಇದ್ದರು. ನಾನು ಹತ್ತಿರ ಹೋದಾಗ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಡಾಕ್ಟ್ರೇ, ಒಂದು ಮಾತು ಕೇಳ್ತೀನಿ. ಅವನ ಹತ್ರ ಇನ್ನೊಂದು ಚಿಕ್ಕದು ಇತ್ತಂತಲ್ಲ. ನೀವು ರುಚಿ ನೋಡಿದ್ರಂತೆ. ಆವಾಗ್ಲೂ ಅದು ಹಂಗೇ ಇತ್ತಾ? ನಾನು ಮೂಸಿದ್ನಲ್ಲ, ಹಂಗೇ?"

ಅವರ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಆಲೆಮನೆ, ಜಾಕಾಯಿ, ಬೆಚ್ಚಗಿನ ಸಿಹಿ, ಅಂಚಿನ ಹಸಿರು ಎಲ್ಲ ನನ್ನ ಕಣ್ಣ ಮುಂದೆ ಬಂತು. ಎದುರಿಗೆ ಹಸಿ ಮಣ್ಣಿನ ಗುಡ್ಡೆ ಇತ್ತು.

"ಹಂಗೇ ಇತ್ತು ಯಜಮಾನ್ರೇ. ಅಷ್ಟೇ," ಎಂದೆ.

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ನಾನೇನಾದ್ರೂ ಕೆಡಿಸ್ಬುಟ್ನೇನೋ ಅಂತ ನಿದ್ದೆ ಹತ್ತಿರಲಿಲ್ಲ ಕಣ್ರೀ. ಸದ್ಯ," ಎಂದರು. ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಆ ಗುಡ್ಡೆಯ ಕಡೆ ತಿರುಗಿ, "ಏನೂ ಇಲ್ಲದ್ದಕ್ಕೆ ಹೋಗಿ ಕೂತಿದ್ನಲ್ರೀ, ಪೆದ್ದ ಮುಂಡೇದು," ಎಂದು ಬಿಕ್ಕಿ ಬಿಕ್ಕಿ ಅತ್ತರು.